ಒಂದೂವರೆ ಇಂಚು

ವಿನ್ನೆಮಕ್ಕಾದ ಮೇವಿನಂಗಡಿ ಮುಂದೆ ಗುರುವಾರದ ಬೆಳಗು.
ಜಲ್ಲಿಯ ಮೇಲೆ ಇಬ್ಬನಿ ಉಪ್ಪಿನ ಹಾಗೆ ಗಟ್ಟಿಯಾಗಿದೆ.
ಮೂರು ಹೊಸ ಪಿಕಪ್ಪುಗಳು, ಒಂದೇ ತಾಯಿ ಹೆತ್ತಂಥವು,
ಮೂತಿ ಉಬ್ಬಿಸಿಕೊಂಡು ಸಾಲಾಗಿ ನಿಂತಿವೆ.
ಪಕ್ಕದಲ್ಲಿ ಅರ್ವಿನ್ ಕ್ರಚರನ ಹಳೆಯದು:
ಅದೇ ಕಂಪನಿ, ಅದೇ ಹೆಸರು, ಇಪ್ಪತ್ತೆರಡು ವರ್ಷ ಹಿಂದಿನ ಮುಖ.
ನಾನು ಒಳಗೆ ಬಿಲ್ಲು ಬರೆಯುವವಳು.
ಕಿಟಕಿಯನ್ನು ಗೇಣಗಲ ತೆರೆದಿಟ್ಟರೆ ಸಾಕು,
ಊರಿನ ಅರ್ಧ ಲೆಕ್ಕ ತಾನಾಗಿ ಒಳಗೆ ಬರುತ್ತದೆ.

ಲೋರ್ನಾ ಟಿಸ್‌ಡೇಲ್ ಶುರು ಮಾಡಿದಳು:
"ಆರು ಸಿಲಿಂಡರ್ ಕಿತ್ತುಕೊಂಡು ನಾಲ್ಕು ಕೊಟ್ಟರು,
ಊದುವುದಕ್ಕೆ ಮೇಲೊಂದು ಟರ್ಬೊ.
ಹಿಂದೆ ಕುದುರೆ ಕಟ್ಟಿಕೊಂಡು ಗೋಲ್ಕೊಂಡಾ ಏರು ಹತ್ತಿಸಿ ನೋಡಿ,
ಹೊಲಿಗೆ ಮಿಷನ್ನಿನ ಹಾಗೆ ಕಿರುಗುಟ್ಟುತ್ತದೆ."
(ಹೆಸರಿಗೆ ಗೋಲ್ಕೊಂಡಾ. ವಜ್ರವಿಲ್ಲ, ಗಾಳಿ ಇದೆ.)

"ಹೊಲಿಗೆ ಮಿಷನ್ನು ಹೊಲಿಯುವುದಾದರೂ ಹೊಲಿಯುತ್ತದೆ,"
ಎಂದ ಡೆಸ್ಮಂಡ್ ಪೈಕ್. ಗಣಿಯಲ್ಲಿ ಸರ್ವೆಯವನು,
ಕಂತು ಇನ್ನೂ ಅರವತ್ತೆಂಟು ಬಾಕಿ.
"ರೇಡಿಯೋದ ದನಿ ಏರಿಸುವ ತಿರುಪು ಎಲ್ಲಿ ಹೋಯಿತು?
ಗಾಜಿನ ಮೇಲೆ ಬೆರಳಾಡಿಸಬೇಕಂತೆ.
ಗ್ಲೌಸಿನೊಳಗಿನ ಬೆರಳು ಅದರ ಲೆಕ್ಕದಲ್ಲಿ ಬೆರಳೇ ಅಲ್ಲ."

"ಎಣ್ಣೆ ನೋಡುವ ಕಡ್ಡಿಯನ್ನೂ ತೆಗೆದಿದ್ದಾರೆ.
ಪರದೆ ಹೇಳಿದ್ದನ್ನು ನಂಬಬೇಕು."
"ನಂಬುವುದಕ್ಕೆ ಭಾನುವಾರ ಇದೆಯಲ್ಲ."
"ಮಣ್ಣುದಾರಿಯಲ್ಲಿ ಗೆರೆ ಹುಡುಕುತ್ತದೆ ಅದು.
ಇಲ್ಲದ ಗೆರೆ ದಾಟಿದೆಯೆಂದು ಬಯ್ಯುತ್ತದೆ, ನನ್ನ ಮೊದಲ ಗಂಡನ ಹಾಗೆ."
"ಎರಡನೆಯವನು?"
"ಅವನಿಗೆ ರಸ್ತೆಯೇ ಕಾಣುತ್ತಿರಲಿಲ್ಲ."

ಅರ್ವಿನ್ ಸುಮ್ಮನೆ ಕಾಫಿ ಹೀರುತ್ತಿದ್ದ.
ಅವನ ಗಾಡಿಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ.
ಅದನ್ನವನು ದೋಷವೆಂದು ಯಾವತ್ತೂ ಹೇಳಿದ್ದಿಲ್ಲ.

ಆಗ ಗ್ರಾಸಿಯನ್ ಎಚೆಗೊಯೆನ್, ಎಪ್ಪತ್ತನಾಲ್ಕು,
ದಿನಕ್ಕೆ ಇಷ್ಟೇ ಮಾತೆಂದು ಪಡಿ ಅಳೆದಿಟ್ಟುಕೊಂಡವನು, ಬಾಯಿ ತೆರೆದ:
"ಎತ್ತರ."
ಎಲ್ಲರೂ ತಿರುಗಿದರು.
"ಹಿಂಬಾಗಿಲು ಎತ್ತರ ಮಾಡಿದ್ದಾರೆ, ಅರ್ಧ ಅಡಿ. ಷೋಕಿಗೆ.
ಕುರಿಯ ಮುಖ ಕಾಣದವರು ಬರೆದ ನಕ್ಷೆ.
ಬೆಲ್ಟ್ಸಾ ಹತ್ತುವುದಿಲ್ಲ.
ಹಳೆಯದಕ್ಕೆ, ನಾನು ಕರೆಯುವ ಮೊದಲೇ ನೆಗೆದಿರುತ್ತಿದ್ದಳು."

ಚಕ್ರದ ಪಕ್ಕ ಕುಳಿತ ಕರಿ ನಾಯಿ
ತನ್ನ ಹೆಸರು ಕೇಳಿ ಒಂದೇ ಕಿವಿ ಎತ್ತಿತು.

ಡೆಸ್ಮಂಡನಿಗೆ ಅಳೆಯುವುದು ಚಟ.
ಎರಡೂ ಗಾಡಿಯ ಹಿಂಬಾಗಿಲು ಇಳಿಸಿ, ಟೇಪು ಎಳೆದು,
ಮೊಣಕಾಲೂರಿ ಓದಿದ, ಗಟ್ಟಿಯಾಗಿ, ಯೋಚಿಸದೆ:
ಅರ್ವಿನನದು ಮೂವತ್ತಮೂರೂ ಕಾಲು.
ಹೊಸದು ಮೂವತ್ತನಾಲ್ಕೂ ಮುಕ್ಕಾಲು.

ಗೂಡ್ಸ್ ರೈಲು ಬಂತು, ಪುಣ್ಯಕ್ಕೆ.
ನೂರಾರು ಬೋಗಿ. ಅಷ್ಟು ಹೊತ್ತೂ ಯಾರೂ ಮಾತಾಡಬೇಕಿರಲಿಲ್ಲ.
ಗ್ರಾಸಿಯನ್ ಟೇಪನ್ನೇ ನೋಡುತ್ತಿದ್ದ,
ಡಾಕ್ಟರು ಎತ್ತಿ ಹಿಡಿದ ಎಕ್ಸ್‌ರೇ ನೋಡುವ ಹಾಗೆ.

ಕೊನೆಯ ಬೋಗಿ ಹೋದ ಮೇಲೆ ಲೋರ್ನಾ ಎಂದಳು,
"ಅರ್ವಿನ್, ನಿನ್ನ ಟಯರಲ್ಲಿ ಗಾಳಿ ಕಡಿಮೆ ಇದ್ದಂತಿದೆ."
"ಹೌದು, ಕಡಿಮೆ," ಎಂದ ಅರ್ವಿನ್.
ಅರ್ಧ ಗಂಟೆ ಹಿಂದೆ ನಮ್ಮ ಪಂಪಿನಲ್ಲೇ
ನಾಲ್ಕಕ್ಕೂ ತುಂಬಿಸಿಕೊಂಡವನು.
ಡೆಸ್ಮಂಡ್ ಟೇಪನ್ನು ಸರ್ರನೆ ಒಳಗೆ ಬಿಟ್ಟು
ಕಾಲಿಂದ ಜಲ್ಲಿ ಕೆದಕಿದ:
"ಈ ಜಾಗವೂ ಸಮ ಇಲ್ಲ. ನೆಲ ಡೊಂಕು."

ಗಾದೆಯೊಳಗಿನ ಸುಳ್ಳು
ಅವತ್ತು ಮೊದಲ ಸಲ ಒಳ್ಳೆಯ ಕೆಲಸಕ್ಕೆ ಬಂತು.

ಅರ್ವಿನ್ ಎದ್ದು ಎರಡು ಮೂಟೆ ಮೇವು ತಂದು
ಒಂದರ ಮೇಲೊಂದು ಹಾಕಿದ. ಏನೂ ಹೇಳಲಿಲ್ಲ.
ಬೆಲ್ಟ್ಸಾ ಬೇರೆಲ್ಲೋ ನೋಡುತ್ತ,
ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ,
ಮುಂಗಾಲಿಟ್ಟಳು. ತಡೆದಳು. ಹಿಂಗಾಲು.
ಗ್ರಾಸಿಯನ್ ಹಿಂಬಾಗಿಲು ಮುಚ್ಚಿದ.
ಗಾಡಿ ಎರಡು ಸಲ ಕೂಗಿತು, ಏತಕ್ಕೋ.
"ಇದೊಂದು ಬೇರೆ," ಎಂದ.

ಮೂಟೆಗಳು ಈಗಲೂ ಬಾಗಿಲ ಪಕ್ಕದಲ್ಲೇ ಇವೆ.
ಸ್ಟಾಕ್ ಪುಸ್ತಕದಲ್ಲಿ, ಇಲಿ ತಿಂದವು
ಎಂದು ಬರೆದಿದ್ದೇನೆ.